ನಾನು ಅಳಿಸಿದ ಮುಕ್ಕಾಲು ಗಂಟೆ

ಮುನಿರತ್ನಮ್ಮ, ನಿಮ್ಮ ಮೇಲೆ ಬಿದ್ದ ಲಾಠಿ ನ್ಯಾಯವೆಂದು ಕಾಣುವಂತೆ ಬರೆದವಳು ನಾನು. ಮೂರು ವರ್ಷಗಳಿಂದ ನಿಮ್ಮನ್ನು ಕೋರ್ಟಿಗೆ ಅಲೆಸುತ್ತಿರುವ ಆ ಸ್ಥಳ ಮಹಜರಿನ ಒಂದೊಂದು ವಾಕ್ಯವೂ ನನ್ನದು. ಅದರ ಕೆಳಗೆ ಸಾಕ್ಷಿಗೆಂದು ಸಹಿ ಹಾಕಿದ ಪಂಚರಲ್ಲಿ ಮೊದಲನೆಯವಳೂ ನಾನೇ. ಪೊಲೀಸರು ಬರೆಸಿದರು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಬರೆಸಿದರು, ನಿಜ. ಆದರೆ ಬರೆದವಳು —

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಅಂದು ನಾನು ಮಾಡದೆ ಹೋದದ್ದು ಅದನ್ನೇ.

ಬೆಂಗಳೂರಿನ ಕಸದ ಲಾರಿಗಳು ಕೊಳೆನೀರು ಸುರಿಸುತ್ತ ತೂಬಗೆರೆ ಹೋಬಳಿಯ ನಮ್ಮೂರನ್ನು ಹಾದುಹೋಗುವುದನ್ನು ತಡೆಯಲು ಊರಿನವರು ಅರಳಿಕಟ್ಟೆಯ ತಿರುವಿನಲ್ಲಿ ನಿಂತಿದ್ದರು. ಬೆಳಿಗ್ಗೆ ಹತ್ತೂವರೆ. ಎಂ.ಎ. ಮುಗಿಸಿ ಊರಿಗೆ ಬಂದಿದ್ದ ನಾನೂ ಅಲ್ಲಿದ್ದೆ. ಬಂದೋಬಸ್ತಿಗೆ ಬಂದಿದ್ದ ಪೊಲೀಸರೊಡನೆ ಮಾತಿಗೆ ಮಾತು ಬೆಳೆದು, ನಮ್ಮ ಬೀದಿಯ ಹರೀಶ ಕಲ್ಲೆಸೆದ. ಅದು ಒಬ್ಬ ಮಹಿಳಾ ಕಾನ್‌ಸ್ಟೆಬಲ್‌ರ ಹಣೆ ಒಡೆಯಿತು. ಅವನು ಇನ್ನೊಂದು ಕಲ್ಲಿಗೆ ಬಗ್ಗಿದಾಗ ನಾಲ್ವರು ಪೊಲೀಸರು ಮೇಲೆ ಬಿದ್ದು, ತೋಳು ತಿರುಚಿ, ನೆಲಕ್ಕೆ ಒತ್ತಿ ಹಿಡಿದರು. ಅದು ಸರಿ. ಇಂದೂ ಹೇಳುತ್ತೇನೆ, ಸರಿ. ತಡೆಯಲು ಬೇಕಾದಷ್ಟೇ ಬಲ ಬಳಸಿದರು, ಅವನು ಸುಮ್ಮನಾದೊಡನೆ ನಿಲ್ಲಿಸಿದರು. ಪೊಲೀಸರು ಬಲವನ್ನೇ ಬಳಸಬಾರದು ಎನ್ನುವವರ ಜೊತೆ ನಾನಿಲ್ಲ. ಆ ಕಾನ್‌ಸ್ಟೆಬಲ್‌ರ ಹಣೆಯೂ ಹಣೆಯೇ.

ಆಮೇಲೆ? ನಾನು ಅಳಿಸಿದ್ದು ಆಮೇಲಿನದ್ದನ್ನು.

ನೀವು ಓಡಿಹೋಗಿ ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿದಿರಿ. ಸೆರಗು ಮಡಿಸಿ ಗಾಯಕ್ಕೆ ಒತ್ತಿ ಹಿಡಿದಿರಿ. "ಅಲ್ಲಾಡ್‌ಬ್ಯಾಡ ಕಣವ್ವಾ, ನನ್ ಮಗಳ್ ವಯ್ಸು ನಿಂಗೆ," ಎಂದಿರಿ. ಆಕೆ ನೋವಿನಲ್ಲೂ ನಕ್ಕು, "ಒಡಿಯೋರೂ ನಿಮ್ಮೂರೋರೇ, ಕಟ್ಟೋರೂ ನಿಮ್ಮೂರೋರೇ. ಚೆನ್ನಾಗೈತೆ ಬಿಡವ್ವ," ಎಂದರು. ಜೀಪು ಆಕೆಯನ್ನೂ ಹರೀಶನನ್ನೂ ಕರೆದೊಯ್ದಿತು. ಹಿರಿಯರು ಉಳಿದವರನ್ನೆಲ್ಲ ಗದರಿಸಿ ರಸ್ತೆಯಲ್ಲಿ ಕೂರಿಸಿದರು. ಮುಕ್ಕಾಲು ಗಂಟೆ — ಒಂದು ಕಲ್ಲಿಲ್ಲ, ಒಂದು ಬೈಗುಳವಿಲ್ಲ. ತಹಶೀಲ್ದಾರರು ಬರಲಿ ಎಂದು ಕಾದರು. ಬಂದದ್ದು ಪೊಲೀಸರ ಎರಡನೆಯ ವ್ಯಾನು. ಎಚ್ಚರಿಕೆಯಿಲ್ಲ, ಚೆದುರಿ ಎಂಬ ಆದೇಶವಿಲ್ಲ. ಕೂತವರ ಬೆನ್ನು, ಏಳುವವರ ಮೊಣಕಾಲು, ಓಡುವವರ ತಲೆ. ತಲೆ ಉಳಿಸಿಕೊಳ್ಳಲು ನೀವು ಅಡ್ಡ ಹಿಡಿದ ಬಲಗೈ ಮಣಿಕಟ್ಟಿನಲ್ಲಿ ಮುರಿದದ್ದನ್ನು ನಾನು ಐದಡಿ ದೂರದಿಂದ ನೋಡಿದೆ.

ಯಾರ ಹಿಂಸೆಯನ್ನು ತಡೆಯಲು ಆ ಏಟು? ಕೂತಿದ್ದವರ ಹಿಂಸೆಯನ್ನೇ? ಲಾಠಿಯನ್ನು ಕೊಟ್ಟಿರುವುದು ನಡೆಯುತ್ತಿರುವ ಹಿಂಸೆಯನ್ನು ತಡೆಯುವುದಕ್ಕೆ, ಮುಗಿದುಹೋದ ಹಿಂಸೆಗೆ ಸೇಡು ತೀರಿಸಿಕೊಳ್ಳುವುದಕ್ಕಲ್ಲ. ಇದು ನನಗೆ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಇದರ ಮೇಲೆಯೇ ಪ್ರಬಂಧ ಮಂಡಿಸಿ ಚಪ್ಪಾಳೆ ಗಿಟ್ಟಿಸಿದವಳು ನಾನು.

ಮಧ್ಯಾಹ್ನ ಪೊಲೀಸ್ ಅಧಿಕಾರಿಯೊಬ್ಬರು ಮಹಜರಿಗೆಂದು ಕಟ್ಟೆಯ ಮೇಲೆ ಕೂತು ನನ್ನನ್ನು ಕರೆದರು. "ಏನಮ್ಮಾ, ಓದಿರೋ ಹುಡುಗಿ. ಬೆಳಿಗ್ಗೆ ನೀನೂ ಇಲ್ಲೇ ಇದ್ದೆ. ನಿನ್ ಹೆಸರು ಗುಂಪಲ್ಲಿ ಸೇರಿಸೋದಾ, ಪಂಚರಲ್ಲಿ ಸೇರಿಸೋದಾ? ನೀನೇ ಹೇಳು."

ಪಂಚರಲ್ಲಿ ಎಂದೆ.

ಹೆದರಿ ಸಹಿ ಹಾಕಿ ಎದ್ದು ಬಂದಿದ್ದರೆ ಅದೊಂದು ಮಾತು. ಠಾಣೆಯ ಬರಹಗಾರರ ಕರಡು ಒರಟಾಗಿತ್ತು, ಒಂದಕ್ಕೊಂದು ಕೂಡುತ್ತಿರಲಿಲ್ಲ. ನಾನು ಕೂಡಿಸಿದೆ. "ಉದ್ರಿಕ್ತ ಗುಂಪು ಕರ್ತವ್ಯನಿರತ ಸಿಬ್ಬಂದಿಯ ಮೇಲೆ ಕಲ್ಲು ತೂರಿದ್ದರಿಂದ, ಆತ್ಮರಕ್ಷಣೆಗಾಗಿ ತಕ್ಷಣವೇ ಲಘು ಬಲಪ್ರಯೋಗ ಅನಿವಾರ್ಯವಾಯಿತು" — ಇದು ನನ್ನ ವಾಕ್ಯ. ನಡುವೆ ಎಲ್ಲರೂ ಸುಮ್ಮನೆ ಕೂತಿದ್ದರಲ್ಲ ಸರ್, ಎಂದು ಒಮ್ಮೆ ಕೇಳಿದೆ — ಒಮ್ಮೆ ಮಾತ್ರ. "ಅದನ್ನ ಕತೆ ಬರಿಯೋವಾಗ ಹಾಕ್ಕೋ," ಎಂದು ಅವರು ನಕ್ಕರು. ಬರೆದುಕೊಟ್ಟದ್ದನ್ನು ಓದಿ, "ಭಾಷೆ ಅಂದ್ರೆ ಇದು ಕಣ್ರೀ, ಕಲೀರಿ," ಎಂದು ಬರಹಗಾರರಿಗೆ ತೋರಿಸಿದರು. ಆ ಹೊಗಳಿಕೆಗೆ ನಾನು ಹಿಗ್ಗಿದೆ. ನೆನೆದರೆ ನನ್ನ ಮೇಲೆ ನನಗೇ ಅಸಹ್ಯ — ಆದರೂ ಹಿಗ್ಗಿದ್ದು ನಿಜ.

ಕೊನೆಗೆ ಆಸ್ಪತ್ರೆಯಿಂದ ನಿಮ್ಮ ಸೀರೆಯನ್ನು ತರಿಸಿದರು. "ಆರೋಪಿತೆಯ ಸೆರಗಿನ ಮೇಲೆ ಗಾಯಾಳು ಸಿಬ್ಬಂದಿಯ ರಕ್ತದ ಕಲೆಗಳಿರುತ್ತವೆ" ಎಂದು ಬರೆದೆ. ನೀವು ಗಾಯ ಒತ್ತಿ ಹಿಡಿದದ್ದನ್ನೂ ಆ ಮುಕ್ಕಾಲು ಗಂಟೆಯನ್ನೂ ತೆಗೆದುಬಿಟ್ಟ ಮೇಲೆ, ಓದುವ ಯಾವ ನ್ಯಾಯಾಧೀಶರಿಗೂ ಆ ರಕ್ತ ಹೇಳುವುದು ಒಂದನ್ನೇ: ನೀವು ಹೊಡೆದಿರಿ. ಗಾಯಕ್ಕೆ ಒತ್ತಿದ ಬಟ್ಟೆ ಹಲ್ಲೆಗೆ ಸಾಕ್ಷ್ಯವಾಯಿತು. ಆ ಕಾನ್‌ಸ್ಟೆಬಲ್‌ರ ಹೇಳಿಕೆಯಲ್ಲೂ ನಿಮ್ಮ ಸೆರಗಿನ ಮಾತಿಲ್ಲವಂತೆ. ಆಕೆಯ ಮೌನಕ್ಕೆ ಆಕೆ ಉತ್ತರಿಸಲಿ, ಅದರ ಹಿಂದೆ ನಾನು ಅಡಗಲಾರೆ. ಕೂತವರನ್ನು ಹೊಡೆಯಿರಿ ಎಂದು ಆದೇಶ ಕೊಟ್ಟವರು ಯಾರು? ಮೂರು ವರ್ಷಗಳಲ್ಲಿ ಯಾವ ಮೇಲಧಿಕಾರಿಯೂ ಇದನ್ನು ಕೇಳಲಿಲ್ಲ. ಕೇಳುವ ಅಗತ್ಯವೇ ಇಲ್ಲದಷ್ಟು ಚೆನ್ನಾಗಿ ನಾನು ಬರೆದಿದ್ದೆ.

ಸರ್ಕಾರದ ಪರ ಸಾಕ್ಷಿ ಹೇಳಲು ಹೋದ ವಾರ ನನಗೆ ಸಮನ್ಸ್ ಬಂತು. "ಹೌದು ಅಂದ್‌ಬುಡಿ ಮೇಡಂ, ಎರಡ್ ನಿಮಿಷದ್ ಕೆಲ್ಸ," ಎಂದು ತಂದುಕೊಟ್ಟ ಪೇದೆ ಹೇಳಿ ಹೋದ. ಅಂದೇ ಸಂಜೆ ನಿಮ್ಮ ಕೊಟ್ಟಿಗೆಗೆ ಬಂದೆ. ನಿಮ್ಮ ಸೊಸೆ ಹಾಲು ಕರೆಯುತ್ತಿದ್ದಳು. ನಿಮ್ಮ ಬಲಗೈ ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಎಲ್ಲವನ್ನೂ ಹೇಳಿದೆ. ನೀವು ಬಯ್ಯಲಿಲ್ಲ.

"ಮೂರ್ ವರ್ಷ ನನ್ ಬಾಗ್ಲ್ ಮುಂದೇನೇ ಓಡಾಡ್ದಲ್ಲವ್ವಾ," ಎಂದಿರಿ. ನಾನು ಅತ್ತೆ. "ಇಲ್ಲಿ ಅಳ್‌ಬ್ಯಾಡ. ಅಲ್ಲೋಗಿ ಜಡ್ಜ್ ಮುಂದೆ ಹೇಳು. ಆಮ್ಯಾಲ್ ನೋಡಾನ."

ಸುಳ್ಳು ಮಹಜರು ಬರೆದದ್ದಕ್ಕೆ ನನ್ನ ಮೇಲೂ ಮೊಕದ್ದಮೆ ಹೂಡಬಹುದೆಂದು ವಕೀಲರು ಎಚ್ಚರಿಸಿದ್ದಾರೆ. ಹೂಡಲಿ. ನಾನು ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ, ಕೇಳುವ ಹಕ್ಕನ್ನು ಆ ಕಟ್ಟೆಯ ಮೇಲೆಯೇ ಕಳೆದುಕೊಂಡೆ. ಸೋಮವಾರ ಕಟಕಟೆಯಲ್ಲಿ ಇದು ನಿಮ್ಮ ಸಹಿಯೇ ಎಂದು ಕೇಳುತ್ತಾರೆ. ಹೌದೆನ್ನುತ್ತೇನೆ. ಇದರಲ್ಲಿರುವುದು ನಿಜವೇ ಎಂದರೆ, ಅಲ್ಲವೆನ್ನುತ್ತೇನೆ. ಆಮೇಲೆ ಯಾರೂ ಕೇಳದಿದ್ದರೂ, ಸಾಕು ಇಳಿಯಿರಿ ಎಂದು ಗದರಿದರೂ, ಎರಡನೆಯ ವ್ಯಾನಿನಿಂದ ಮೊದಲು ಇಳಿದವರು ಯಾರು, "ಹೊಡೀರಿ" ಎಂದವರು ಯಾರು — ಹೆಸರು ಹೇಳುತ್ತೇನೆ. ನಾನು ನೋಡಿದ್ದೇನೆ.