ಬ್ರೇಕಿನೊಳಗಿನ ಗಾಳಿ

ಕಳೆದ ಬುಧವಾರ ಚಿಕ್ಕಮಗಳೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದ. ಮೀನೆಣ್ಣೆಗೆ ಸ್ವಲ್ಪ ಸಿಹಿ ಬೆರೆಸಿದಂಥ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿ ಹಿಡಿಯಿತು. “ಒತ್ತಿ... ಹಿಡೀರಿ... ಬಿಡ್ಬೇಡಿ” ಎಂದು ಹಿಂದೊಮ್ಮೆ ಕಾರಿನಡಿಯಿಂದ ನನಗೆ ಹೇಳುತ್ತಿದ್ದವರು ತೀರಿಕೊಂಡು ಅಂದಿಗೆ ಹನ್ನೊಂದು ದಿನವಾಗಿತ್ತು.

ಅವರು ಮೂಡಿಗೆರೆಯ ಗ್ಯಾರೇಜ್ ಮೇಸ್ತ್ರಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಾನು ಜಾವಳಿ ಕಡೆಯ ಒಂದು ಎಸ್ಟೇಟಿನ ಮ್ಯಾನೇಜರ್. ಏಳಕ್ಕೆ ಆಳುಗಳ ಹಾಜರಿ, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ತೋಟದ ಸುತ್ತು. ಇದರಲ್ಲಿ ಐದು ನಿಮಿಷ ಹೆಚ್ಚುಕಡಿಮೆಯಾದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಗೋದಾಮಿನ ಬೀಗದ ಕೈಯಿಂದ ಹಿಡಿದು ಪಂಪಿನ ವಾಷರ್ ತನಕ ಎಲ್ಲಕ್ಕೂ ಚೀಟಿ ಕಟ್ಟಿಡುವುದು ನನ್ನ ಪದ್ಧತಿ. ನನ್ನ ಚೀಟಿ ಸರಿಯೋ ತಪ್ಪೋ ಎಂದು ಯಾರೂ ಪರೀಕ್ಷಿಸುತ್ತಿರಲಿಲ್ಲ.

ಹೆಂಡತಿಯ ಕಣ್ಣು ತೋರಿಸಲು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿದ್ದಾಗ, ನಡುದಾರಿಯಲ್ಲಿ ಕಾರಿನ ಬ್ರೇಕ್ ಕಾದು ಹಿಡಿತ ಕಳೆದುಕೊಂಡಿತ್ತು. ಒಂದು ತಿರುವಿನಲ್ಲಿ ತಡೆಗೋಡೆಗೆ ಮೊಳದಷ್ಟು ದೂರದಲ್ಲಿ ಗಾಡಿ ನಿಂತಿತು. ಅವಳು ಅಂದು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡು ಬಂದ ಮೇಲೆ, ಮುಂದಿನ ಚಕ್ರಗಳಿಗೆ ದೊಡ್ಡ ಕ್ಯಾಲಿಪರ್ ಹಾಕಿಸೋಣವೆಂದು ನಿಶ್ಚಯಿಸಿದೆ. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ನಿಲ್ಲಿಸುವ ಕಬ್ಬಿಣದ ದವಡೆ ಅದು. ಬೆಂಗಳೂರಿನಿಂದ ಬರಬೇಕಾದ ಪಾರ್ಸೆಲ್ ತಡವಾಗಿ, ಹೊರಡುವ ಹಿಂದಿನ ದಿನ ಕೈಸೇರಿತು. ಬಾಡಿಗೆ ಕಾರು ಕೇಳಿದರೆ ಎಲ್ಲವೂ ಮದುವೆ ದಿಬ್ಬಣಕ್ಕೆ ಹೋಗಿದ್ದವು. ನಾನೇ ಪೆಟ್ಟಿಗೆ ಬಿಚ್ಚಿ, ಒರೆಸಿ, ಕಾರಿನ ಮುಂದೆ ನಿಂತು, ಯಾವುದು ಯಾವ ಚಕ್ರಕ್ಕೆಂದು ಹೋಲಿಸಿ ನೋಡಿ, ಎರಡಕ್ಕೂ ‘ಎಡ’, ‘ಬಲ’ ಎಂದು ಚೀಟಿ ಕಟ್ಟಿ ಮೇಸ್ತ್ರಿಯವರ ಬಳಿ ಒಯ್ದೆ.

ಮಧ್ಯಾಹ್ನ ಎರಡಕ್ಕೆಲ್ಲ ಜೋಡಣೆ ಮುಗಿಯಿತು. ಉಳಿದದ್ದು ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ. ನಾನು ಪೆಡಲ್ ಒತ್ತಿ ಹಿಡಿಯಬೇಕು, ಅವರು ಚಕ್ರದ ಬಳಿಯ ಸಣ್ಣ ಸ್ಕ್ರೂ ಸಡಿಲಿಸಬೇಕು. ಆಯಿಲಿನ ಜೊತೆ ಗಾಳಿ ಗುಳ್ಳೆಗುಳ್ಳೆಯಾಗಿ ಬಾಟಲಿಗೆ ಬರಬೇಕು. ಅವರು ಸ್ಕ್ರೂ ಬಿಗಿಸುವ ತನಕ ನಾನು ಕಾಲೆತ್ತಬಾರದು. ಹಿಂದಿನ ಎರಡು ಚಕ್ರ, ಆಮೇಲೆ ಮುಂದಿನವು. ಒಂದು ಸುತ್ತು ಮುಗಿಯಿತು. ಪೆಡಲ್ ಹತ್ತಿ ತುಂಬಿದ ದಿಂಬಿನಂತೆ ಕೆಳಗಿಳಿಯಿತು. ಎರಡನೆಯ ಸುತ್ತು. ಮೂರು. ಗುಳ್ಳೆ ನಿಂತರೂ ಪೆಡಲ್ ಗಟ್ಟಿಯಾಗಲಿಲ್ಲ. ನನ್ನ ಜೊತೆ ಬಂದು ಬೆಂಚಿನ ಮೇಲೆ ಕುಳಿತಿದ್ದ ಹೆಂಡತಿ ಮತ್ತೆ ಮತ್ತೆ ಕೇಳುತ್ತಿದ್ದಳು, “ಆಯ್ತೇನ್ರೀ?”

“ಏನ್ ಮಾರಾಯ, ಮ್ಯಾನೇಜರ್ ಸಾಹೇಬ್ರ ಹತ್ರ ಹೊಲಿಗೆ ಮಿಷನ್ ತುಳಿಸ್ತಾ ಇದೀಯಾ?” ಎಂದ ಪಕ್ಕದ ಪಂಕ್ಚರ್ ಅಂಗಡಿಯವನು.

“ನೀ ನಿನ್ನ ಗಾಳಿ ತುಂಬ್ಸು, ನಾನು ನನ್ನ ಗಾಳಿ ತೆಗೀತೀನಿ” ಎಂದರು ಮೇಸ್ತ್ರಿ. ಆದರೆ ನಗಲಿಲ್ಲ.

ನಾಲ್ಕೂವರೆಯ ಹೊತ್ತಿಗೆ ನನ್ನ ಕಾಲು ನಡುಗುತ್ತಿತ್ತು. ಅವರು ಕುಕ್ಕರಗಾಲಿನಲ್ಲಿ ಕುಳಿತು ಚಕ್ರವನ್ನೇ ನೋಡಿದರು... ಎಷ್ಟು ಹೊತ್ತೋ. ಆಮೇಲೆ ನನ್ನನ್ನು ಹತ್ತಿರ ಕರೆದರು.

“ಸ್ಕ್ರೂ ತಳದಲ್ಲಿದೆ ಸಾರ್, ಮೇಲಿರಬೇಕಿತ್ತು. ಗಾಳಿ ಮೇಲೆ ಹೋಗಿ ಕೂರತ್ತೆ, ನಾವು ಕೆಳಗಿಂದ ತೆಗೀತಾ ಇದೀವಿ.”

ಕ್ಯಾಲಿಪರ್‌ಗಳು ಅದಲುಬದಲಾಗಿದ್ದವು. ನನಗೆ ಥಟ್ಟನೆ ಹೊಳೆಯಿತು. ಕಾರಿಗೆ ಎದುರಾಗಿ ನಿಂತು ಚೀಟಿ ಕಟ್ಟಿದ್ದೆ. ಅದು ನನ್ನ ಎಡ, ಕಾರಿನ ಬಲ.

ಅಷ್ಟರಲ್ಲಿ ಹೆಂಡತಿ ಎದ್ದು ಬಂದಳು. ಮೇಸ್ತ್ರಿ ಇನ್ನೂ ನೇತಾಡುತ್ತಿದ್ದ ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡು ಹೇಳಿದರು, “ನನ್ನ ತಪ್ಪು ಅಮ್ಮಾವ್ರೇ. ಎಡದ್ದು ಬಲಕ್ಕೆ ಹಾಕ್ಬಿಟ್ಟೆ.”

“ಇಷ್ಟು ವರ್ಷ ಕೆಲ್ಸ ಮಾಡಿ ಎಡ ಬಲ ಗೊತ್ತಾಗಲ್ವಾ ನಿಮ್ಗೆ? ನಾಳೆ ಇದ್ರಲ್ಲಿ ಕೂರ್ಬೇಕಾದೋಳು ನಾನು!”

ನಾನು ಬಾಯಿ ತೆರೆದೆ. ಅವರು ಬೇಡವೆಂಬಂತೆ ತಲೆಯಾಡಿಸಿದರು. ಅವಳು ಬೆಂಚಿಗೆ ಮರಳಿದ ಮೇಲೆ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಮೆಲ್ಲಗೆ ಹೇಳಿದರು, “ತಪ್ಪು ನಂದು ಅಂದ್ರೆ ಬೈದು ಮರೀತಾರೆ. ನಿಮ್ದು ಅಂದ್ರೆ ಘಾಟಿ ಪೂರ್ತಿ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತಾರೆ. ಗಾಡಿ ಬಿಡೋರು ನೀವಲ್ವಾ ಸಾರ್?”

ಕ್ಯಾಲಿಪರ್‌ಗಳನ್ನು ಬದಲಿಸಿ ಮತ್ತೆ ಮೊದಲಿನಿಂದ ತೊಡಗಿದೆವು. ಈ ಸಲ ಗುಳ್ಳೆಗಳು ಸರಮಾಲೆಯಂತೆ ಬಂದವು. ಪೆಡಲ್ ಕಲ್ಲಾಯಿತು. ಅವರೇ ಪೇಟೆಯ ಇಳಿಜಾರಿನಲ್ಲಿ ನಾಲ್ಕು ಸಲ ಓಡಿಸಿ, ನಿಲ್ಲಿಸಿ ತೋರಿಸಿದರು.

ಮರುದಿನ ಘಾಟಿಯ ಪ್ರತಿ ತಿರುವಿಗೂ ಮುಂಚೆ ನಾನು ಒಮ್ಮೆ ಪೆಡಲ್ ಒತ್ತಿ ನೋಡುತ್ತಿದ್ದೆ. ಅವಳು ಕೊಟ್ಟಿಗೆಹಾರ ದಾಟಿದವಳೇ ಸೀಟಿಗೆ ಒರಗಿ ನಿದ್ದೆ ಹೋಗಿದ್ದಳು. ಆಪರೇಷನ್ ಚೆನ್ನಾಗಿ ಆಯಿತು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಿಜ ಹೇಳಬೇಕೆಂದುಕೊಂಡಿದ್ದೆ. ಹೇಳಲಿಲ್ಲ. “ಆ ಮೇಸ್ತ್ರಿ ಹತ್ರ ಇನ್ನು ಗಾಡಿ ಬಿಡಬೇಡಿ” ಎಂದಳು. ನಾನು ಕಾರನ್ನು ಚಿಕ್ಕಮಗಳೂರಿಗೆ ಒಯ್ಯತೊಡಗಿದೆ. ಮದುವೆ ಮನೆಗಳಲ್ಲಿ ಅವಳು ಎಡ ಬಲ ತಿಳಿಯದ ಮೇಸ್ತ್ರಿಯ ಕಥೆ ಹೇಳಿ ನಗಿಸುವಾಗ ನಾನು ಎಲೆ ಮುಂದೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದೆ. ತಪ್ಪು ಮಾಡದವನೆಂಬ ಹೆಸರು ನನಗೆ ಅಷ್ಟು ರುಚಿಸಿತ್ತು... ಅವರ ಗ್ಯಾರೇಜಿಗೆ ಎಸ್ಟೇಟಿನ ಗಾಡಿಗಳು ಬರುವುದು ಕಡಿಮೆಯಾಗಿದ್ದು ಆ ಕಥೆಯಿಂದಲೋ ಅಲ್ಲವೋ, ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ಬುಧವಾರ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಅವಳ ಎದುರು ಕುಳಿತು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಸೆರಗಿನ ಅಂಚು ಮಡಚತೊಡಗಿದಳು.

“ಮೂಡಿಗೆರೆ ಬಸ್‌ಸ್ಟ್ಯಾಂಡಲ್ಲಿ ನನ್ನ ಕಂಡಾಗೆಲ್ಲ ಎದ್ದು ನಿಂತು ಕೈ ಮುಗಿಯೋರು” ಎಂದಳು. “ಒಂದ್ಸಲನಾದ್ರೂ ನಾನು ತಿರುಗಿ ಮುಗೀಲಿಲ್ಲ. ನೀವು ಪಕ್ಕದಲ್ಲೇ ಇರ್ತಿದ್ರಿ.”

ಹೌದು, ಪಕ್ಕದಲ್ಲೇ ಇರುತ್ತಿದ್ದೆ.