ಕೆಳಗಿಳಿಯದ ಬಸ್ಸು

ನನ್ನ ಅಕ್ಕನ ಓದನ್ನು ನಿಲ್ಲಿಸಿದ್ದು ಬಡತನವಲ್ಲ, ಹಣೆಬರಹವೂ ಅಲ್ಲ, ನೀವು. ನಮ್ಮ ಊರನ್ನು ಸೀಳಿ ಸುಂಕದ ಹೆದ್ದಾರಿಯನ್ನು ಎತ್ತರಿಸಿ ಕಟ್ಟಿದವರು, ಅದರ ಮೇಲೆ ನಮ್ಮ ಟೌನ್ ಬಸ್ಸನ್ನು ಓಡಿಸಿದವರು, ಕೆಳಗೆ ಜನರಿದ್ದಾರೆಯೇ ಎಂದು ಬಗ್ಗಿ ನೋಡದೆ ಸಹಿ ಹಾಕಿದವರು.

ಆ ದಿನಗಳಲ್ಲಿ, ರಸ್ತೆ ಸಿದ್ಧವಾಗಿಯೂ ತೆರೆಯದೆ ಉಳಿದಿದ್ದ ಒಂದೇ ಒಂದು ಬೇಸಿಗೆಯಲ್ಲಿ, ಅದು ನಮ್ಮದಾಗಿತ್ತು. ತಮಿಳು ಸೀಮೆಯ ಸೋಮನೂರಿನಾಚೆ, ಮನೆಯೊಳಗೆ ಕನ್ನಡವಾಡುವ ಕೈಮಗ್ಗದವರ ಬೀದಿ ನಮ್ಮದು. ನೇಯುವ ಮೊದಲು ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲೇರುವುದರೊಳಗೆ ಒಣಗಿಸಬೇಕು. ಇದನ್ನು ನಾವು ಪಾವು ಎನ್ನುತ್ತೇವೆ. ಹಳೆಯ ಬೀದಿಯ ಗುಂಡಿಗಳನ್ನು ಬಿಟ್ಟು ಅಜ್ಜಿ ಆ ಬೇಸಿಗೆ ಪಾವನ್ನು ಹೊಸ ರಸ್ತೆಗೇ ಒಯ್ದಳು. ಹಸಿ ಡಾಂಬರಿನ ವಾಸನೆಯೂ ಹುಳಿ ಗಂಜಿಯ ವಾಸನೆಯೂ ಬೆರೆತು ಮೂಗಿಗೆ ಅಡರುತ್ತಿದ್ದವು.

"ಮಗ್ಗದವರಿಗೇ ಕಟ್ಟಿದ ರೋಡು ಕಣ್ಣು! ಒಂದ್ ಕಲ್ಲು ಕಾಲಿಗೆ ಸಿಕ್ಕಲ್ಲೆ," ಎಂದು ಅಜ್ಜಿ ನಮ್ಮನ್ನು ಮುದ್ದಿನಿಂದ ಕರೆದು ಹಿಗ್ಗುತ್ತಿದ್ದಳು.

ನೂಲಿಗೂ ಸುಂಕ ಕಟ್ಟಬೇಕೆಂದು ರಸ್ತೆಯ ಕಾವಲುಗಾರ ದೂರದಿಂದಲೇ ಅಜ್ಜಿಯನ್ನು ತಮಿಳಿನಲ್ಲಿ ಕೆಣಕುತ್ತಿದ್ದ: "ಪಾಟ್ಟಿ, ನೂಲುಕ್ಕುಂ ಟೋಲ್ ಕಟ್ಟಣುಂ!"

"ಬಾರೋ, ನಿನ್ ಟೋಲಿಗೂ ಗಂಜಿ ಹಚ್ಚಿ ಒಣಗಾಕ್ತೀನಿ!"

ತಾಟಿನುಂಗು ತಿಂದು ಉಳಿದ ಬುರುಡೆಗಳನ್ನು ಕೋಲಿಗೆ ಸಿಕ್ಕಿಸಿ, ನಾವು ಮಕ್ಕಳು ಆ ನುಣುಪು ರಸ್ತೆಯಲ್ಲಿ ಗಾಡಿ ಓಡಿಸಿದೆವು. ಅಕ್ಕ ರೇವತಿ ಮಾತ್ರ ಆಡಲು ಬರುತ್ತಿರಲಿಲ್ಲ. ಹರಿದ ಎಳೆಗಳನ್ನು ಕೂಡಿಸುತ್ತ, ತಲೆಯೆತ್ತದೆಯೇ ನಮ್ಮನ್ನು ಬೈಯುತ್ತಿದ್ದಳು. ಬಸ್ಸು ಹತ್ತಿಯೇ ಹೋಗಬೇಕಾದ ಪೀಳಮೇಡಿನ ಶಾಲೆಯಲ್ಲಿ ಅವಳಿಗೆ ಹನ್ನೊಂದನೆಯ ತರಗತಿಗೆ ವಿಜ್ಞಾನದ ಸೀಟು ಸಿಕ್ಕಿತ್ತು. ನಮ್ಮ ಬೀದಿಯ ಹುಡುಗಿಯರಲ್ಲಿ ಅಷ್ಟು ದೂರ ಓದಲು ಹೊರಟವಳು ಅವಳೇ ಮೊದಲು.

ಜೂನ್ ತಿಂಗಳಲ್ಲಿ ಶಾಲೆಯೂ ರಸ್ತೆಯೂ ಒಟ್ಟಿಗೆ ತೆರೆದವು. ಎರಡು ಜಡೆ ಮಡಿಚಿ ಕಟ್ಟಿಕೊಂಡು ಅಕ್ಕ ಕೆಳಗಿನ ರಸ್ತೆಯ ಹಳೆಯ ಸ್ಟಾಪಿನಲ್ಲಿ ನಿಂತಳು. ಬಸ್ಸಿನ ಹಾರ್ನ್ ಕೇಳಿಸಿತು, ನಮ್ಮ ತಲೆಯ ಮೇಲಿನಿಂದ. ಕತ್ತೆತ್ತಿ ನೋಡುವುದರೊಳಗೆ ಅದು ಹೆದ್ದಾರಿಯ ಸೇತುವೆ ದಾಟಿ ಹೋಗಿತ್ತು.

"ಡ್ರೈವರಣ್ಣ ಮರೆತಿರ್ಬೇಕು," ಎಂದು ಅಕ್ಕ ನಕ್ಕಳು.

ಮರುದಿನವೂ ಬಸ್ಸು ಮೇಲೆಯೇ ಹೋಯಿತು. ಅಂದಿನಿಂದ ಅವಳು ಟೋಲ್ ಗೇಟಿನಾಚೆಯ ಸ್ಟಾಪಿನವರೆಗೆ, ಲಾರಿಗಳ ಪಕ್ಕದಲ್ಲಿ, ಕಾಲುದಾರಿಯೂ ಇಲ್ಲದ ಅಂಚಿನಲ್ಲಿ ನಡೆದಳು. ತುಂಬಿ ಬಂದ ಬಸ್ಸಿನಲ್ಲಿ ನೇತಾಡಿ ತಲುಪುವ ಹೊತ್ತಿಗೆ ಮೊದಲ ಪಾಠ ಮುಗಿದಿರುತ್ತಿತ್ತು. ಒಂದು ದಿನ ಅಪ್ಪ ಜೊತೆಗೆ ಹೋಗಿ ಕಂಡಕ್ಟರನ್ನು ಕೇಳಿದರು. ಅವನು ನಿಜಕ್ಕೂ ಮುಜುಗರಪಟ್ಟುಕೊಂಡ.

"ನಾನ್ ಎನ್ನಂಗ ಪಣ್ಣರದು? ಕೀಳೆ ಇರಂಗ ಆರ್ಡರ್ ಇಲ್ಲೀಂಗ."

ತಾನೇನು ಮಾಡಲಿ, ಕೆಳಗಿಳಿಯಲು ಆದೇಶವಿಲ್ಲ ಎಂದ. ಆದೇಶ ಕೊಡಬೇಕಾದವರ ಕಚೇರಿಗೂ ಅಪ್ಪ ಅಲೆದರು. ಅಲ್ಲಿಯವರು ಪರಿಶೀಲಿಸುತ್ತೇವೆ ಎಂದರು.

ಅವರು ಪರಿಶೀಲಿಸುತ್ತಿದ್ದಾಗಲೇ ಒಂದು ಬೆಳಿಗ್ಗೆ ಲಾರಿಯೊಂದು ಅಕ್ಕನ ಹೆಗಲಿನ ಚೀಲವನ್ನು ಕಿತ್ತುಕೊಂಡು ಹೋಯಿತು. ಅವಳಿಗೇನೂ ಆಗಲಿಲ್ಲ. ಅಪ್ಪನಿಗೆ ಆಯಿತು.

"ಓದಿದ್ದು ಸಾಕು ಕಣ್ಣು," ಎಂದರು. "ನೀನು ಇದ್ರೆ ಸಾಕು ನಂಗೆ."

"ಇನ್ನೊಂದ್ ವಾರ ನೋಡೋಣಪ್ಪಾ. ಬಸ್ಸು ಇಳಿದ್ರೂ ಇಳೀತದೆ."

ಅದು ಇಳಿಯಲಿಲ್ಲ. ಬಂದದ್ದು ತಿರುಪ್ಪೂರಿನ ಬನಿಯನ್ ಕಂಪನಿಯ ವ್ಯಾನು. ಸರ್ವೀಸ್ ರಸ್ತೆಯಿಂದ ತಿರುಗಿ, ಓಣಿಯಲ್ಲಿ ನುಸುಳಿ, ನಮ್ಮ ಜಗಲಿಯ ಮುಂದೆಯೇ ನಿಂತು ಹಾರ್ನ್ ಹೊಡೆಯಿತು.

"ನಿಂಗೆ ಮಾತ್ರ ಹೆಂಗಪ್ಪ ದಾರಿ ಕಾಣ್ಸ್ತು?" ಎಂದು ಅಜ್ಜಿ ಕೇಳಿದಳು.

ಡ್ರೈವರ್ ನಮ್ಮವನೇ. "ಆಳು ಬೇಕಲ್ಲಜ್ಜೀ!" ಎಂದು ನಕ್ಕ.

ಅಕ್ಕ ಹತ್ತಿದಳು. ಇಂದಿಗೂ ಅದೇ ವ್ಯಾನು. ಟೀ ಶರ್ಟುಗಳ ಕಾಲರ್ ತಪಾಸಣೆ ಅವಳ ಕೆಲಸ. ಸಂಜೆ ಪಲ್ಲಡಂ ಕಡೆಯಿಂದ ಬರುವ ಗಾಡಿಗಳ ನಡುವೆ ವ್ಯಾನು ಸಿಕ್ಕಿಕೊಂಡಾಗ ಅದರಲ್ಲೇ ನಿದ್ದೆ ಮಾಡುತ್ತಾಳೆ. ಟೋಲ್ ತಪ್ಪಿಸುವ ಲಾರಿಗಳೆಲ್ಲ ಈಗ ನಮ್ಮ ಬೀದಿಗೇ ನುಗ್ಗುತ್ತವೆ. ಪಾವು ಹಾಸಲು ಅಲ್ಲಿ ಒಂದು ಮೊಳ ನೆಲವಿಲ್ಲ, ಮಕ್ಕಳನ್ನು ಜಗಲಿಯಿಂದ ಇಳಿಯಲು ಬಿಡುವವರಿಲ್ಲ. ಓದು ಹೋಯಿತು, ಮಗ್ಗ ಹೋಯಿತು, ಬೀದಿಯೂ ಹೋಯಿತು. ಇಷ್ಟನ್ನು ತೆತ್ತ ನಮಗೆ ಸಿಕ್ಕಿದ್ದು ಸೇತುವೆಯ ನೆರಳು.

ಆದ್ದರಿಂದ ಹೆದ್ದಾರಿಗೂ ಸಾರಿಗೆಗೂ ಹೊಣೆಯಾದ ಅಧಿಕಾರಿಗಳಲ್ಲಿ ನನ್ನ ವಿಧ್ಯುಕ್ತ ವಿನಂತಿ: ನಮ್ಮ ಸ್ಟಾಪನ್ನು ರದ್ದು ಮಾಡಿದವರು ಯಾರು, ಯಾವ ಕಾರಣಕ್ಕೆ, ಊರಿನವರಲ್ಲಿ ಯಾರನ್ನು ಕೇಳಿ? ಲಿಖಿತ ಉತ್ತರ ಕೊಡಿ. ಶಾಲೆಯ ಹೊತ್ತಿನ ಬಸ್ಸುಗಳು ಕೆಳಗಿನ ರಸ್ತೆಗಿಳಿದು ನಿಲ್ಲುವಂತೆ ಆದೇಶ ಹೊರಡಿಸಿ. ಇದರಿಂದ ಅಕ್ಕನಿಗೆ ಇನ್ನೇನೂ ಮರಳದೆಂದು ಬಲ್ಲೆ. ನೀವು ಉತ್ತರಿಸುವಿರೆಂಬ ನಂಬಿಕೆಯೂ ಹೆಚ್ಚು ಉಳಿದಿಲ್ಲ. ಆದರೆ ಬರುವ ಜೂನ್‌ನಲ್ಲಿ ಹನ್ನೊಂದನೆಯ ತರಗತಿಗೆ ಹೋಗಬೇಕಾದ ಹುಡುಗಿಯರು ನಮ್ಮ ಬೀದಿಯಲ್ಲಿದ್ದಾರೆ. ವ್ಯಾನು ಅವರ ಮನೆಬಾಗಿಲಿಗೆ ಬರುವ ಮೊದಲು ಬಸ್ಸನ್ನು ಇಳಿಸಿ.