ಗಂಗಕ್ಕ ಕೇಳಿದ ಪ್ರಶ್ನೆ

ಗಂಗಕ್ಕ ಕಣ್ಣು ಮುಚ್ಚಿಕೊಂಡು ನರ ಹುಡುಕುತ್ತಿದ್ದರು. ನಾವು ವಲಸೆ ಬಂದ ಪಾಪಕುರಾ ಊರಿನ ರಕ್ತಪರೀಕ್ಷೆಯ ಕೋಣೆಗೆ ಹೊಸದಾಗಿ ಬಂದವರು ಅದನ್ನು ಕಂಡು ಗಾಬರಿಯಾಗುತ್ತಿದ್ದರು. ಮೊಣಕೈ ಮಡಿಕೆಯನ್ನು ಬೆರಳ ತುದಿಯಿಂದ ಒತ್ತಿ ಒತ್ತಿ ನೋಡಿ, ನರ ಸಿಕ್ಕಮೇಲೆಯೇ ಕಣ್ಣು ಬಿಟ್ಟು ಸೂಜಿ ಎತ್ತಿಕೊಳ್ಳುವರು. “ನರ ಎಲ್ಲೂ ಓಡಿ ಹೋಗೂದಿಲ್ಲವಾ. ಓಡಾಕ ನೋಡೂದು ಮನಶಾ,” ಎನ್ನುವರು. ವಿಜಯಪುರದ ಕಡೆ ನರ್ಸಾಗಿದ್ದವರು, ಅರವತ್ತು ದಾಟಿದ್ದರೂ ಕೈ ನಡುಗುತ್ತಿರಲಿಲ್ಲ.

ನನ್ನ ಮಗಳು ಸಿರಿಯನ್ನು ಆ ಕುರ್ಚಿಯಲ್ಲಿ ಎಷ್ಟು ಸಲ ಕೂರಿಸಿದೆನೋ ನೆನಪಿಲ್ಲ. ಐದು ತುಂಬಿದಾಗ ಅವಳ ಕಿವಿ ಮಂದವಾಯಿತು, ಆಮೇಲೆ ಕೈ ಸೋತಿತು, ಆಮೇಲೆ ಮೆಟ್ಟಿಲು ಹತ್ತುವುದು ನಿಂತಿತು. ನಾಲ್ಕು ವರ್ಷ ಒಬ್ಬ ಡಾಕ್ಟರಿಂದ ಇನ್ನೊಬ್ಬರಿಗೆ ಅಲೆದೆವು. ಒಂದೊಂದೇ ಕಾಯಿಲೆಯನ್ನು ಹುಡುಕಿ, ಅದಲ್ಲ, ಇದಲ್ಲ ಎಂದು ವರದಿ ಬರುತ್ತಿತ್ತು. ಕೊನೆಗೆ ನನಗೆ ಅಳುವುದಕ್ಕೂ ಬೇಸರವಾಗಿಹೋಗಿತ್ತು.

ಗಂಗಕ್ಕ ಮಾತ್ರ ಎಲ್ಲ ಸರಿಹೋಗುತ್ತದೆಂದು ಒಮ್ಮೆಯೂ ಹೇಳಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ. ತಮ್ಮ ತೋಳನ್ನು ಮೊದಲು ಸಿರಿಯ ಮುಂದೆ ಚಾಚಿ, ಅವಳ ಕಿವಿಗೆ ಬಾಗಿ, “ನನ್ನ ನರ ಹುಡುಕು ನೋಡೂಣು,” ಎನ್ನುವರು. ಸಿರಿ ಕಣ್ಣು ಮುಚ್ಚಿ ತಡಕಾಡಿ, “ಫೌಂಡ್ ಇಟ್, ಅಜ್ಜಿ,” ಎನ್ನುವಳು. ಆಮೇಲೆ ಅವಳ ಸರದಿ.

ಒಂದು ದಿನ ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. “ಮಾಮ, ಇನ್ನೂ ಅರ್ಧ ಗಂಟೆ ಆಗುತ್ತೆ.”

“ಯಾರಿಗೆ ಮಾಡಿದಿ?” ಎಂದರು ಗಂಗಕ್ಕ.

“ನಮ್ಮನೆಯವರಿಗೆ.”

“ಗಂಡಗ ಮಾಮಾ ಅಂತೀಯೇನು?”

“ಅಮ್ಮನ ಕೊನೇ ತಮ್ಮ ಅಲ್ವಾ. ಚಿಕ್ಕಂದಿನಿಂದ ಅದೇ ಅಭ್ಯಾಸ.”

ಅವರ ಬೆರಳು ನಿಂತಿತು. “ಡಾಕ್ಟರಿಗೆ ಹೇಳೀಯೇನು?”

ನನ್ನ ಮುಖ ಬಿಸಿಯಾಯಿತು. ನೀವಿಬ್ಬರೂ ಮೊದಲೇ ಸಂಬಂಧಿಕರೇ ಎಂದು ಡಾಕ್ಟರು ಮೊದಲ ವರ್ಷವೇ ಕೇಳಿದ್ದರು. ನಾವಿಬ್ಬರೂ ಒಟ್ಟಿಗೇ ಇಲ್ಲ ಎಂದಿದ್ದೆವು. ಈ ದೇಶಕ್ಕೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ಈ ಸಂಬಂಧದ ಮಾತು ಆಡಿ, ಎದುರಿಗಿದ್ದವಳು ಮುಖ ಸಿಂಡರಿಸಿದ್ದನ್ನು ನೋಡಿದ್ದೆ. ಅಂದಿನಿಂದ ಹೊರಗಿನವರ ಮುಂದೆ ನನ್ನ ಮಾಮ ಬರೀ ಗಂಡನಾದ.

“ಬೈಯಾಕ ಕೇಳೂದಿಲ್ಲವಾ ಅವರು, ಹುಡುಕಾಕ ಕೇಳತಾರ,” ಎಂದರು ಗಂಗಕ್ಕ. ಮತ್ತೆ ಬೆರಳಿಟ್ಟು ಒತ್ತಿ ನೋಡಿದರು. “ನನ್ನ ಗಂಡನೂ ನಮ್ಮವ್ವನ ತಮ್ಮನ. ಎರಡ ಕೂಸು ಮಣ್ಣು ಮಾಡೇನಿ. ಯಾಕ ಹೋದವು ಅಂತ ಹೇಳಾಕ ಆಗ ಯಾರಿಗೂ ಗೊತ್ತಿದ್ದಿಲ್ಲ. ಈಗ ಗೊತ್ತಾಗತೈತಿ. ನಾಳೇನ ಹೋಗು.”

ಹೋದೆವು. ಡಾಕ್ಟರು ಬೈಯಲಿಲ್ಲ, ಹುಬ್ಬು ಕೂಡ ಏರಿಸಲಿಲ್ಲ. ನಮ್ಮ ವಂಶದ ಚಿತ್ರ ಬರೆದಿದ್ದ ಹಾಳೆಯಲ್ಲಿ ನನ್ನನ್ನೂ ಮಾಮನನ್ನೂ ಸೇರಿಸಿದ್ದ ಗೆರೆಯ ಪಕ್ಕ, ರಕ್ತಸಂಬಂಧದ ಗುರುತಾಗಿ, ಇನ್ನೊಂದು ಗೆರೆ ಎಳೆದರು. ಅಷ್ಟೇ. ಮೂವರ ರಕ್ತವನ್ನೂ ಗಂಗಕ್ಕನೇ ತೆಗೆದರು. ವಂಶವಾಹಿಗಳನ್ನೆಲ್ಲ ಒಟ್ಟಿಗೆ ಓದುವ ಪರೀಕ್ಷೆ; ಈ ಸಲ ಎಲ್ಲಿ ನೋಡಬೇಕೆಂದು ಡಾಕ್ಟರಿಗೆ ತಿಳಿದಿತ್ತು. ಒಂದೇ ದೋಷ ಇಬ್ಬರಿಂದಲೂ ಸಿರಿಗೆ ಬಂದಿತ್ತು. ಒಂದು ವಿಟಮಿನ್ ಅವಳ ನರಮಂಡಲವನ್ನು ತಲುಪುತ್ತಿರಲಿಲ್ಲ. ಅದನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು, ಹಳದಿ ಮಾತ್ರೆಗಳು.

ಕೆಲವು ತಿಂಗಳಲ್ಲಿ ಸಿರಿ ಮೆಟ್ಟಿಲು ಹತ್ತಿದಳು. ಕಿವಿ ಮಾತ್ರ ಮರಳಲಿಲ್ಲ. ಮೊದಲೇ ಶುರು ಮಾಡಿದ್ದರೆ ಉಳಿಯುತ್ತಿತ್ತೇನೋ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಆ ಒಂದು ‘ಇಲ್ಲ’ವನ್ನು ನಾನು ದಿನವೂ ಹೊತ್ತು ತಿರುಗುತ್ತೇನೆ, ದಣಿವು ಎಂದರೆ ನನಗೆ ಅದೇ.

ಕೆಲಸ ಬಿಟ್ಟು ಕ್ರೈಸ್ಟ್‌ಚರ್ಚಿನ ಮಗಳ ಮನೆಗೆ ಹೊರಟಿದ್ದ ಗಂಗಕ್ಕನಿಗೆ ಸಿರಿಯನ್ನು ತೋರಿಸಲು ಕರೆದೊಯ್ದೆ. ಅವಳು ನಡೆಯುವುದನ್ನು ನೋಡುತ್ತ ನಿಂತರು. ಹೋದ ಮಕ್ಕಳ ವಿಷಯ ಈಗಲಾದರೂ ತಿಳಿಯಬಹುದಲ್ಲ, ಕೇಳಿ ನೋಡಿ ಎಂದೆ.

“ಕೇಳೇನವಾ,” ಎಂದರು. “ಕೂಸಿನ ರಕ್ತ ಬೇಕಂತ. ಇಷ್ಟ ಮಂದೀದು ತಗದೆ, ಅವರದೊಂದ ಹನಿ ನನ್ನ ಕಡೆ ಇಲ್ಲ.”

ಗಂಗಕ್ಕ ತೀರಿಹೋಗಿ ಎರಡು ಚಳಿಗಾಲವಾಯಿತು; ಸುದ್ದಿ ತಿಳಿಸಿದ್ದು ಅವರ ಮಗಳು. ಆ ಕುರ್ಚಿಯ ಬಳಿ ಈಗ ಬೇರೊಬ್ಬಳು ಹುಡುಗಿ. ಮೊನ್ನೆ ಅವಳು ಸಿರಿಗೆ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಸಿರಿ ಕಣ್ಣು ಮುಚ್ಚಿಕೊಂಡು ತನ್ನ ಮೊಣಕೈಯನ್ನು ತಾನೇ ಒತ್ತಿ ನೋಡಿ, ಇಲ್ಲಿ ಎಂದು ತೋರಿಸಿದಳು.